ಠರಾವು ಪಾಸಾಗಿದೆ, ಜೀಬ್ರಾ ಪಟ್ಟೆ ಯಾವಾಗ ಬೀಳುತ್ತದೆ?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಬಡಾವಣೆಯಲ್ಲಿ ರಸ್ತೆಯ ಒಂದು ಬದಿಗೆ ಶಾಲೆ ಇದೆ. ಇನ್ನೊಂದು ಬದಿಗೆ ಬಸ್ ಸ್ಟಾಪ್, ಅದರ ಪಕ್ಕ ಕಾಯಿಪಲ್ಲೆ ಮಾರುವವರು. ನಡುವೆ ಡಿವೈಡರ್ ಇಲ್ಲ. ಹೋದ ವರ್ಷ ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಬೈಕ್ ಬಡಿದು ಸೊಂಟದ ಎಲುಬು ಮುರಿಯಿತು. ಎಲ್ಲರೂ ಸಹಿ ಮಾಡಿ ಮನವಿ ಕೊಟ್ಟೆವು. ಪಾಲಿಕೆ ಸಭೆಯಲ್ಲಿ ಸಿಗ್ನಲ್, ಜೀಬ್ರಾ ಪಟ್ಟೆ ಮತ್ತು ಮಹಿಳಾ ಶೌಚಾಲಯಕ್ಕೆ ಠರಾವು ಪಾಸಾಗಿದೆ ಎಂದು ವಾರ್ಡ್ ಸದಸ್ಯರು ಹೇಳುತ್ತಾರೆ. ಕೆಲಸ ಇನ್ನೂ ಶುರುವಾಗಿಲ್ಲ. ಸ್ಕೈವಾಕ್ ಕೇಳೋಣ ಅನ್ನುವವರಿದ್ದಾರೆ. ಶೌಚಾಲಯವನ್ನು ಬಸ್ ಸ್ಟಾಪ್ ಪಕ್ಕದ ಫುಟ್‌ಪಾತ್ ಮೇಲೆ ಕಟ್ಟುವ ಮಾತಿದೆ. ಕಾಯಿಪಲ್ಲೆಯವರನ್ನು ಎಬ್ಬಿಸಬೇಕು ಅನ್ನುವವರೂ ಇದ್ದಾರೆ. ನಾವು ಈಗ ಏನು ಕೇಳಬೇಕು, ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬಹಳಷ್ಟು ವಿವರ ಇದೆ. ಎರಡು ಸಂಖ್ಯೆ ಮಾತ್ರ ಇಲ್ಲ. ಒಂದು ತಾಸಿನಲ್ಲಿ ಆ ರಸ್ತೆಯನ್ನು ಎಷ್ಟು ಜನ ದಾಟುತ್ತಾರೆ? ಅದೇ ತಾಸಿನಲ್ಲಿ ಎಷ್ಟು ವಾಹನ ಹೋಗುತ್ತವೆ? ಸಹಿಗಳನ್ನು ನೋಡಿ ವಾರ್ಡ್ ಸದಸ್ಯರು ಒಪ್ಪುತ್ತಾರೆ. ಆದರೆ ಕಡತವನ್ನು ಮುಂದಕ್ಕೆ ಕಳಿಸುವ ಎಂಜಿನಿಯರಿಗೆ ಬೇಕಾಗುವುದು ಎಣಿಕೆ. ಅದನ್ನು ನೀವೇ ಮಾಡಬಹುದು. ಹೇಗೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಠರಾವು ಎಲ್ಲಿ ನಿಂತಿರಬಹುದು ಎಂದು ನೋಡೋಣ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳಿವೆ. ಒಂದೊಂದು ಸಾಮಾನ್ಯ ಸಭೆಗೂ ಗಟಾರು, ಬೀದಿದೀಪ, ಉದ್ಯಾನ, ಮಳಿಗೆ ಬಾಡಿಗೆ ಅಂತ ಹತ್ತಾರು ವಿಷಯ ಬರುತ್ತವೆ. ಸಭೆ ಒಪ್ಪಿದರೆ ಠರಾವು ಆಗುತ್ತದೆ. ಆದರೆ ಅದು ಸಭೆಯ ಒಪ್ಪಿಗೆ ಮಾತ್ರ. ಅದಾದ ಮೇಲೆ ಜಾಗ ಅಳೆದು ಅಂದಾಜು ಪತ್ರಿಕೆ ಮಾಡಬೇಕು. ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಬರುತ್ತದೆ ಎಂದು ಬರೆಯಬೇಕು. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್ ಆಗಿ ಕೊನೆಗೆ ಕಾರ್ಯಾದೇಶ ಹೊರಡಬೇಕು. ಯಾವ ಮೆಟ್ಟಿಲಲ್ಲಿ ನಿಂತರೂ ಹೊರಗಿನವರಿಗೆ ಕಾಣುವುದು ಒಂದೇ, ಕೆಲಸ ಶುರುವಾಗಿಲ್ಲ ಅಂತ.

ನಿಮ್ಮ ಠರಾವಿನಲ್ಲಿ ಇನ್ನೊಂದು ತೊಡಕಿದೆ. ಸಿಗ್ನಲ್, ಜೀಬ್ರಾ ಪಟ್ಟೆ, ಶೌಚಾಲಯ ಮೂರೂ ಒಂದೇ ಸಾಲಿನಲ್ಲಿ ಬಂದಿವೆ. ಈ ಮೂರೂ ಬೇರೆ ಬೇರೆ ಕೈಗಳಿಗೆ ಹೋಗುವ ಕೆಲಸಗಳು. ಜೀಬ್ರಾ ಪಟ್ಟೆ ರಸ್ತೆ ಕಾಮಗಾರಿಯ ಎಂಜಿನಿಯರ್ ಕೆಲಸ. ಸಿಗ್ನಲ್ ವಿಷಯದಲ್ಲಿ ಸಂಚಾರ ಪೊಲೀಸರ ಮಾತಿಲ್ಲದೆ ಏನೂ ಆಗುವುದಿಲ್ಲ. ಶೌಚಾಲಯಕ್ಕೆ ಜಾಗ, ನೀರು, ಒಳಚರಂಡಿ ಎಲ್ಲ ಬೇಕು. ಮೂರನ್ನೂ ಒಂದೇ ಕಡತದಲ್ಲಿ ಕಟ್ಟಿದರೆ ಅತಿ ನಿಧಾನದ ಕೆಲಸ ಉಳಿದೆರಡನ್ನೂ ಹಿಡಿದು ನಿಲ್ಲಿಸುತ್ತದೆ. ನನ್ನ ಮೊದಲ ಸಲಹೆ ಇದೇ. ಮೂರೂ ಕೆಲಸಕ್ಕೆ ಮೂರು ಪ್ರತ್ಯೇಕ ಮನವಿ ಕೊಡಿ, ಪ್ರತಿಯೊಂದರಲ್ಲೂ ಠರಾವಿನ ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಅವೆರಡು ಗೊತ್ತಿಲ್ಲದಿದ್ದರೆ ಸಭೆಯ ನಡಾವಳಿಯ ಪ್ರತಿ ಕೇಳಿ. ವಾರ್ಡ್ ಸದಸ್ಯರ ಬಳಿ ಅದು ಇರುತ್ತದೆ.

ಹಾಗೆಯೇ ಆ ರಸ್ತೆ ಯಾರದು ಎಂದು ಖಚಿತ ಮಾಡಿಕೊಳ್ಳಿ. ನಮ್ಮ ಅವಳಿ ನಗರದಲ್ಲಿ ಎಲ್ಲ ರಸ್ತೆಯೂ ಪಾಲಿಕೆಯದಲ್ಲ. ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವು ಹೆದ್ದಾರಿ ವಿಭಾಗದವು. ಬಿಆರ್‌ಟಿಎಸ್, ಅಂದರೆ ತನ್ನದೇ ಪ್ರತ್ಯೇಕ ಪಥದ ಚಿಗರಿ ಬಸ್, ಓಡುವ ರಸ್ತೆಗೆ ಅದರದೇ ಕಂಪನಿ ಇದೆ. ಪಾಲಿಕೆ ಠರಾವು ಮಾಡಿದ ರಸ್ತೆ ಪಾಲಿಕೆಯದೇ ಅಲ್ಲದಿದ್ದರೆ ಆ ಠರಾವು ಬೇರೆ ಇಲಾಖೆಗೆ ಬರೆದ ಪತ್ರವಾಗಿ ಉಳಿಯುತ್ತದೆ. ವಲಯ ಕಚೇರಿಯ ಎಂಜಿನಿಯರಿಗೆ ಈ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಇನ್ನು ನೋ ಪಾರ್ಕಿಂಗ್, ಏಕಮುಖ ಸಂಚಾರ, ವೇಗಮಿತಿ ಇಂಥವಕ್ಕೆ ಅಧಿಸೂಚನೆ ಹೊರಡುವುದು ಪೊಲೀಸ್ ಕಮಿಷನರ್ ಕಡೆಯಿಂದ. ಪಾಲಿಕೆ ಫಲಕ ನೆಡಬಹುದು. ಅಧಿಸೂಚನೆ ಇಲ್ಲದಿದ್ದರೆ ಆ ಫಲಕಕ್ಕೆ ಬಲ ಇಲ್ಲ.

ಈಗ ಎಣಿಕೆಗೆ ಬರೋಣ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಪಾದಚಾರಿ ಸೌಲಭ್ಯಗಳ ಬಗ್ಗೆ ಅದರ ಐಆರ್‌ಸಿ 103 ಎಂಬ ಮಾರ್ಗಸೂಚಿ ಇದೆ. 2012ರ ಆವೃತ್ತಿಯನ್ನು 2022ರಲ್ಲಿ ಪರಿಷ್ಕರಿಸಿದ್ದಾರೆ. ರಸ್ತೆಯ ನಡುವೆ ಒಂದು ಕಡೆ ಸಿಗ್ನಲ್ ಇರುವ ದಾಟು ಬೇಕೇ ಎಂದು ನೋಡಲು ಎಂಜಿನಿಯರುಗಳು ಬಹಳ ಕಾಲದಿಂದ ಒಂದು ಸರಳ ಸೂತ್ರ ಬಳಸುತ್ತಾರೆ. ತಾಸಿಗೆ ದಾಟುವ ಜನರ ಸಂಖ್ಯೆಯನ್ನು ತಾಸಿಗೆ ಹೋಗುವ ವಾಹನಗಳ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು) ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ದಾಟಿದರೆ, ಡಿವೈಡರ್ ಇರುವಲ್ಲಿ 20 ಕೋಟಿ ದಾಟಿದರೆ ನಿಯಂತ್ರಿತ ದಾಟು ಬೇಕು ಎಂದು ಲೆಕ್ಕ. ದಟ್ಟಣೆ ಜಾಸ್ತಿ ಇರುವ ನಾಲ್ಕು ತಾಸುಗಳ ಸರಾಸರಿ ತೆಗೆದುಕೊಳ್ಳುತ್ತಾರೆ.

ಉದಾಹರಣೆಗೆ, ನಿಮ್ಮ ರಸ್ತೆಯನ್ನು ತಾಸಿಗೆ 400 ಜನ ದಾಟುತ್ತಾರೆ, 600 ವಾಹನ ಹೋಗುತ್ತವೆ ಅಂದುಕೊಳ್ಳಿ. 600ರ ವರ್ಗ 3 ಲಕ್ಷ 60 ಸಾವಿರ. ಅದನ್ನು 400ರಿಂದ ಗುಣಿಸಿದರೆ 14 ಕೋಟಿ 40 ಲಕ್ಷ. ಡಿವೈಡರ್ ಇಲ್ಲದ ನಿಮ್ಮ ರಸ್ತೆಗೆ ಇದು ಮಿತಿಗಿಂತ ಮೇಲೆ. ಅದೇ ಡಿವೈಡರ್ ಇದ್ದಿದ್ದರೆ ಮಿತಿಯ ಕೆಳಗೆ, ಯಾಕಂದರೆ ನಡುವೆ ನಿಂತು ಎರಡು ಸಲ ದಾಟಲು ಬರುತ್ತದೆ. ಇನ್ನು 300 ಜನ, 500 ವಾಹನ ಇದ್ದರೆ ಏಳೂವರೆ ಕೋಟಿ. ಆಗ ಸಿಗ್ನಲ್ ಕೇಳುವುದು ಕಷ್ಟ. ಬೇರೆ ದಾರಿ ಕೇಳಬೇಕು.

ವಾಹನಗಳ ಸಂಖ್ಯೆಗೆ ಯಾಕೆ ವರ್ಗ? ಅಜ್ಜಿಯ ಜಾಗದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ತಾಸಿಗೆ 600 ವಾಹನ ಅಂದರೆ ಸರಾಸರಿ 6 ಸೆಕೆಂಡಿಗೆ ಒಂದು. ರಸ್ತೆ 10 ಮೀಟರ್ ಅಗಲ ಇದ್ದರೆ ಚುರುಕಾಗಿ ನಡೆಯುವವರಿಗೆ, ಅಂದರೆ ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ, ದಾಟಲು ಸುಮಾರು 8 ಸೆಕೆಂಡ್ ಬೇಕು. ವಯಸ್ಸಾದವರ ನಡಿಗೆ ಸೆಕೆಂಡಿಗೆ 0.8 ಮೀಟರ್ ಎಂದು ಹಿಡಿದರೆ ಹನ್ನೆರಡೂವರೆ ಸೆಕೆಂಡ್. ಅವರಿಗೆ ಬೇಕಾದಷ್ಟು ದೊಡ್ಡ ಬಿಡುವು ಅಪರೂಪಕ್ಕೆ ಸಿಗುತ್ತದೆ. ವಾಹನ ಹೆಚ್ಚಿದಂತೆ ಅದು ಇನ್ನೂ ಬೇಗ ಕಡಿಮೆಯಾಗುತ್ತದೆ, ಅದಕ್ಕೇ ವರ್ಗ. ಕಾದು ಕಾದು ಬೇಸತ್ತು ಸಣ್ಣ ಬಿಡುವಿನಲ್ಲೇ ಕಾಲಿಡುತ್ತಾರೆ. ಅಪಘಾತಗಳು ಆಗುವುದು ಆಗಲೇ. "ನೋಡಿಕೊಂಡು ದಾಟಬೇಕಿತ್ತು" ಎಂದು ಬಿದ್ದವರಿಗೇ ಬೈಯುವುದನ್ನು ಕೇಳಿದಾಗ ನನಗೆ ತುಂಬ ನೋವಾಗುತ್ತದೆ. ಅವರು ನೋಡಿಯೇ ಇರುತ್ತಾರೆ. ರಸ್ತೆ ಅವರಿಗೆ ಸಮಯ ಕೊಟ್ಟಿರುವುದಿಲ್ಲ.

ಎಣಿಸುವುದು ಹೀಗೆ. ಶಾಲೆ ತುಂಬುವ ಹೊತ್ತಿನ ಎರಡು ತಾಸು, ಶಾಲೆ ಬಿಟ್ಟು ಸಂತೆ ಕೂಡುವ ಹೊತ್ತಿನ ಎರಡು ತಾಸು ಆರಿಸಿಕೊಳ್ಳಿ. ರಜೆ, ಹಬ್ಬ, ಬಂದ್ ಇಲ್ಲದ ದಿನ ಇರಲಿ. ಇಬ್ಬರು ಜನ ಎಣಿಸಲಿ, ಇಬ್ಬರು ವಾಹನ ಎಣಿಸಲಿ. ಕಾಲು ತಾಸಿಗೊಮ್ಮೆ ಹಾಳೆಯಲ್ಲಿ ಗೆರೆ ಎಳೆದು ಬೇರೆ ಸಾಲು ಶುರು ಮಾಡಿ. ನೀವು ಕೇಳುತ್ತಿರುವ ಜಾಗದ ಆಚೀಚೆ ಐವತ್ತು ಮೀಟರಿನೊಳಗೆ ಎಲ್ಲಿ ದಾಟಿದರೂ ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳು, ವಯಸ್ಸಾದವರು, ಕೂಸನ್ನು ಎತ್ತಿಕೊಂಡವರು ಎಷ್ಟು ಜನ ಎಂದು ಪ್ರತ್ಯೇಕ ಗುರುತು ಹಾಕಿ. ಒಂದು ಮೊಬೈಲನ್ನು ಮಹಡಿಯ ಮೇಲಿಟ್ಟು ವಿಡಿಯೊ ಮಾಡಿದರೆ ಎಣಿಕೆಯನ್ನು ಯಾರಾದರೂ ಪ್ರಶ್ನಿಸಿದಾಗ ತೋರಿಸಬಹುದು.

ಈ ಸೂತ್ರಕ್ಕೆ ಒಂದು ದೊಡ್ಡ ಕೊರತೆ ಇದೆ. ಹೆದರಿ ದಾಟದೇ ಇರುವವರು ಅದರಲ್ಲಿ ಬರುವುದಿಲ್ಲ. ಮಗುವನ್ನು ನಡೆಸಿಕೊಂಡು ಹೋಗುವ ಬದಲು ಬೈಕ್ ಮೇಲೆ ಬಿಟ್ಟು ಬರುವ ತಂದೆ, ಸಂತೆಗೆ ಬರುವುದನ್ನೇ ಬಿಟ್ಟ ಅಜ್ಜ, ಇವರು ಯಾವ ಹಾಳೆಯಲ್ಲೂ ಇಲ್ಲ. ರಸ್ತೆ ಭಯ ಹುಟ್ಟಿಸಿದಷ್ಟೂ ಎಣಿಕೆ ಕಡಿಮೆ ಬರುತ್ತದೆ. ಎಣಿಕೆ ಕಡಿಮೆ ಬಂತೆಂದು ಕೆಲಸ ಬೇಡ ಅನ್ನುತ್ತಾರೆ. ಅದಕ್ಕೇ ಶಾಲೆಯಲ್ಲಿ ಕೇಳಿ, ಎಷ್ಟು ಮಕ್ಕಳ ಮನೆ ರಸ್ತೆಯ ಆಚೆ ಬದಿಗಿದೆ, ಅವರಲ್ಲಿ ನಡೆದು ಬರುವವರೆಷ್ಟು ಎಂದು. ಆ ಸಂಖ್ಯೆಯನ್ನೂ ಮನವಿಗೆ ಸೇರಿಸಿ.

ಸಿಗ್ನಲ್ ಸಿಗುವುದು ತಡ ಆಗಬಹುದು, ಸಿಗದೆಯೂ ಇರಬಹುದು. ಸಿಕ್ಕರೂ ಶಾಲೆ ಇಲ್ಲದ ಹೊತ್ತಿನಲ್ಲಿ ಅದನ್ನು ಸುಮ್ನೆ ಮಿನುಗಲು ಬಿಡುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಕೇಳುವುದು ಎತ್ತರಿಸಿದ ಜೀಬ್ರಾ ದಾಟು. ರಸ್ತೆಯ ಆ ತುಂಡನ್ನು ಫುಟ್‌ಪಾತ್ ಮಟ್ಟಕ್ಕೆ ಏರಿಸಿ, ಮೇಲೆ ಚಪ್ಪಟೆ ಮಾಡಿ, ಎರಡೂ ಕಡೆ ಇಳಿಜಾರು ಕೊಡುವುದು. ನಡೆಯುವವರು ಇಳಿದು ಹತ್ತಬೇಕಿಲ್ಲ. ವಾಹನವೇ ಹತ್ತಿ ಇಳಿಯಬೇಕು. ಗಾಲಿಕುರ್ಚಿಯವರಿಗೂ ದಾರಿಯಾಗುತ್ತದೆ. ಇದಕ್ಕೆ ವಿದ್ಯುತ್ ಬೇಡ, ಪೊಲೀಸ್ ನಿಲ್ಲಬೇಕಿಲ್ಲ, ನಡುರಾತ್ರಿಯೂ ಕೆಲಸ ಮಾಡುತ್ತದೆ.

ಬರೀ ಬಿಳಿ ಬಣ್ಣದ ಪಟ್ಟೆ ಸಾಲದು. ಕಾರಣ ವೇಗ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನದ ಚಾಲಕ ಕಂಡು, ಬ್ರೇಕ್ ಒತ್ತಿ, ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 28 ಮೀಟರ್ ಮುಂದೆ ಬಂದಿರುತ್ತಾನೆ. 30 ಕಿ.ಮೀ. ವೇಗ ಇದ್ದರೆ ಸುಮಾರು 13 ಮೀಟರ್. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಸರಿಸುಮಾರು ಐವರಲ್ಲಿ ಒಬ್ಬರು.

ಹಾಗಂತ ರಾತ್ರೋರಾತ್ರಿ ಡಾಂಬರು ಸುರಿದು ಮಾಡುವ ಕಿರಿದಾದ ಹಂಪ್ ಒಪ್ಪಿಕೊಳ್ಳಬೇಡಿ. ಅದೇ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಹೇಳುವ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದರೆ ಮೈ ನೋಯದಂತೆ ದಾಟಬಹುದು. ಒಂದೂವರೆ ಅಡಿ ಅಗಲಕ್ಕೆ ಗುಡ್ಡೆ ಏರಿಸಿದರೆ ಆಟೊದಲ್ಲಿ ಕೂತ ಬಸುರಿಗೆ, ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೆ ಪೆಟ್ಟು. ಬೈಕಿನವರು ಅದರ ಪಕ್ಕದ ಸಂದಿಯಿಂದ ನುಗ್ಗಿ ಫುಟ್‌ಪಾತಿಗೇ ಬರುತ್ತಾರೆ. ಬಣ್ಣ ಬಳಿಯದೆ ಬಿಟ್ಟರೆ ರಾತ್ರಿ ಕಾಣುವುದೂ ಇಲ್ಲ.

ಜಾಗ ಆರಿಸುವಾಗ ಜನ ಈಗ ಎಲ್ಲಿ ದಾಟುತ್ತಾರೋ ಅಲ್ಲೇ ಪಟ್ಟೆ ಬರಲಿ. ನೂರು ಮೀಟರ್ ದೂರ ಹಾಕಿ ಜನ ಅಲ್ಲಿಗೆ ಬರಲಿ ಅಂದರೆ ಯಾರೂ ಬರುವುದಿಲ್ಲ. ಪಟ್ಟೆಯ ಎರಡೂ ಬದಿಗೆ ಹತ್ತು ಮೀಟರ್ ವಾಹನ ನಿಲ್ಲಿಸದಂತೆ ಪೊಲೀಸ್ ಅಧಿಸೂಚನೆ ಕೇಳಿ. ನಿಂತ ಕಾರಿನ ಹಿಂದಿನಿಂದ ಮಗು ಹೊರಬಂದರೆ ಚಾಲಕನಿಗೆ ಕಾಣುವುದೇ ಇಲ್ಲ. ಅಲ್ಲಿ ಒಂದು ಬೀದಿದೀಪವೂ ಬೇಕು, ದಾಟುವವರ ಮುಖದ ಮೇಲೆ ಬೆಳಕು ಬೀಳುವ ಹಾಗೆ.

ಸ್ಕೈವಾಕ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ನಿಮ್ಮ ರಸ್ತೆಗೆ ಬೇಡ. ರಸ್ತೆಯಿಂದ ಐದೂವರೆ ಮೀಟರ್ ಬಿಟ್ಟು ಮೇಲೆ ಕಟ್ಟಬೇಕು. ಒಂದು ಮೆಟ್ಟಿಲು 15 ಸೆಂ.ಮೀ. ಅಂದರೂ 36ಕ್ಕಿಂತ ಹೆಚ್ಚು ಮೆಟ್ಟಿಲು ಹತ್ತಬೇಕು, ಮತ್ತೆ ಅಷ್ಟೇ ಇಳಿಯಬೇಕು. ಸೊಂಟ ಮುರಿದುಕೊಂಡ ಅಜ್ಜಿ ಹತ್ತುತ್ತಾರಾ? ಲಿಫ್ಟ್ ಇಡುತ್ತೇವೆ ಅನ್ನುತ್ತಾರೆ. ಲಿಫ್ಟಿಗೆ ವರ್ಷವರ್ಷ ನಿರ್ವಹಣೆ ಬೇಕು, ಕರೆಂಟ್ ಬೇಕು, ನೋಡಿಕೊಳ್ಳುವವರು ಬೇಕು. ಸ್ಕೈವಾಕ್ ಕೆಳಗಿನ ವಾಹನಗಳಿಗೆ ಅನುಕೂಲ ಮಾಡುತ್ತದೆ, ವೇಗ ಇನ್ನೂ ಏರುತ್ತದೆ. ಮೇಲೆ ಹತ್ತಲಾರದವರು ಕೆಳಗೆ ದಾಟುವಾಗ ಮೊದಲಿಗಿಂತ ದೊಡ್ಡ ಅಪಾಯ. ಅದರ ಮೈಮೇಲೆ ಜಾಹೀರಾತು ಹಾಕಿ ಹಣ ಎತ್ತಬಹುದು ಎಂಬ ಕಾರಣಕ್ಕೆ ಎಷ್ಟೋ ಊರುಗಳಲ್ಲಿ ಇಂಥ ಪ್ರಸ್ತಾವ ಬೇಗ ಒಪ್ಪಿಗೆ ಪಡೆಯುತ್ತದೆ. ಜಾಹೀರಾತು ಎಲ್ಲಿ ಕಾಣುತ್ತದೆ ಎಂಬುದು ಜನ ಎಲ್ಲಿ ದಾಟುತ್ತಾರೆ ಎಂಬುದಕ್ಕಿಂತ ಮುಖ್ಯವಾಗಿಬಿಡುತ್ತದೆ.

ಬಿಆರ್‌ಟಿಎಸ್ ದಾರಿಯ ಮಾತು ಬೇರೆ. 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಆ ದಾರಿಯಲ್ಲಿ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಬಸ್ ಹತ್ತಲು ಅರ್ಧ ರಸ್ತೆ ದಾಟಬೇಕು, ಇಳಿದ ಮೇಲೆ ಇನ್ನರ್ಧ. ಪ್ರತಿ ಪ್ರಯಾಣಿಕನೂ ಪಾದಚಾರಿಯೇ. ಅಷ್ಟು ಅಗಲದ ರಸ್ತೆಯಲ್ಲೂ ನೆಲದ ಮೇಲಿನ ಸಿಗ್ನಲ್ ದಾಟನ್ನು ಚೆನ್ನಾಗಿ ನಡೆಸುವುದೇ ಮುಖ್ಯ ಎಂದು ನಾನು ನಂಬುತ್ತೇನೆ. ಹಸಿರು ದೀಪದ ಸೆಕೆಂಡುಗಳನ್ನು ನಿಧಾನ ನಡೆಯುವವರ ಲೆಕ್ಕದಲ್ಲಿ ಇಡಬೇಕು. ನಿಮ್ಮದು ಬಡಾವಣೆಯ ರಸ್ತೆ. ಅಲ್ಲಿ ಕಬ್ಬಿಣದ ಸೇತುವೆಗೆ ಕಾರಣವೇ ಇಲ್ಲ.

ಶೌಚಾಲಯದ ವಿಷಯದಲ್ಲಿ ನಿಮ್ಮ ಪತ್ರ ಓದಿ ನಿಜಕ್ಕೂ ಚಿಂತೆಯಾಯಿತು. ಮಹಿಳಾ ಶೌಚಾಲಯ ಬೇಕೇ ಬೇಕು. ದಿನವಿಡೀ ಸಂತೆಯಲ್ಲಿ ಕೂರುವ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಮೂತ್ರದ ಸೋಂಕು ಬರುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಅದನ್ನು ಫುಟ್‌ಪಾತ್ ಮೇಲೆ ಕಟ್ಟಿದರೆ ಶಾಲೆಯ ಮಕ್ಕಳು ರಸ್ತೆಗಿಳಿದು ನಡೆಯಬೇಕು. ಒಂದು ಸೌಕರ್ಯ ಕೊಡಲು ಹೋಗಿ ಇನ್ನೊಂದನ್ನು ಕಿತ್ತುಕೊಂಡ ಹಾಗೆ.

ನಮ್ಮ ಊರುಗಳಲ್ಲಿ ಇದು ಹೇಗೋ ನಡೆದುಬಿಟ್ಟಿದೆ. ಜಾಗ ಹುಡುಕುವ ಕಷ್ಟ ಬಂದಾಗಲೆಲ್ಲ ಫುಟ್‌ಪಾತ್ ಖಾಲಿ ಜಾಗವಾಗಿ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್, ಕುಡಿಯುವ ನೀರಿನ ಘಟಕ, ಬಸ್ ತಂಗುದಾಣ, ಪೊಲೀಸ್ ಚೌಕಿ, ಹಾಲಿನ ಬೂತ್, ಸಿಸಿಟಿವಿ ಕಂಬ ಎಲ್ಲವೂ ಅಲ್ಲೇ. ಒಂದೊಂದೂ ಸಾರ್ವಜನಿಕರಿಗಾಗಿಯೇ ಬಂದದ್ದು. ಎಲ್ಲ ಸೇರಿದಾಗ ನಡೆಯಲು ಜಾಗ ಉಳಿದಿರುವುದಿಲ್ಲ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಒಂದೊಂದು ಠರಾವಿನಲ್ಲೂ ಆ ಒಂದು ವಸ್ತುವಿನ ಅಳತೆ ಮಾತ್ರ ಇರುತ್ತದೆ, ಅದನ್ನು ಇಟ್ಟ ಮೇಲೆ ಎಷ್ಟು ಅಗಲ ಉಳಿಯುತ್ತದೆ ಎಂಬುದು ಇರುವುದಿಲ್ಲ.

ಆ ಒಂದು ಸಾಲು ನೀವು ಬರೆಸಬೇಕು. ಐಆರ್‌ಸಿ 103 ಪ್ರಕಾರ ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂಗಡಿ ಮುಂಗಟ್ಟಿನ ಕಡೆ 2.5 ಮೀಟರ್. ತಲೆಯ ಮೇಲೆ 2.2 ಮೀಟರ್ ತೆರವಿರಬೇಕು. ಅಂಚುಗಲ್ಲಿನ ಎತ್ತರ 15 ಸೆಂ.ಮೀ. ಮೀರಬಾರದು. ಫುಟ್‌ಪಾತ್ ಎತ್ತರ ಒಂದಡಿ ಆದರೆ ವಯಸ್ಸಾದವರು ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಕಂಬ, ಮರ, ತಂಗುದಾಣ ಎಲ್ಲ ನಡೆಯುವ ಪಟ್ಟಿಯ ಹೊರಗೆ, ರಸ್ತೆಯ ಅಂಚಿನ ಕಡೆಯ ಪಟ್ಟಿಯಲ್ಲಿ ಇರಬೇಕು. ಟೇಪ್ ಹಿಡಿದು ಬಸ್ ಸ್ಟಾಪ್ ಪಕ್ಕ ಅಳೆದು ನೋಡಿ. ಶೌಚಾಲಯ ಬಂದ ಮೇಲೆ 1.8 ಮೀಟರ್ ಉಳಿಯದಿದ್ದರೆ ಬೇರೆ ಜಾಗ ತೋರಿಸಿ. ಶಾಲೆಯ ಕಾಂಪೌಂಡ್ ಮೂಲೆ, ಪಾಲಿಕೆಯ ಉದ್ಯಾನದ ಅಂಚು, ನೀರಿನ ಟ್ಯಾಂಕ್ ಆವರಣ ಇಂಥವನ್ನು ಮೊದಲು ನೋಡಿ. ಜಾಗ ನೀವೇ ತೋರಿಸಿದರೆ ಕಡತ ಬೇಗ ನಡೆಯುತ್ತದೆ. ಬೇಡ ಅಂತ ಬರೆದು ಸುಮ್ಮನಾದರೆ ಶೌಚಾಲಯವೇ ರದ್ದಾಗಿ ಹೋಗುತ್ತದೆ. ಅದು ಆಗಬಾರದು.

ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಶೌಚಾಲಯದ ಠರಾವಿನಲ್ಲಿ ಕಟ್ಟಡದ ಹಣದ ಜೊತೆ ನಿರ್ವಹಣೆಯ ಹಣ ಎಲ್ಲಿಂದ, ಎಷ್ಟು ವರ್ಷಕ್ಕೆ, ಯಾರ ಹೊಣೆ ಎಂದು ಇರಲೇಬೇಕು. ಬೆಳಿಗ್ಗೆ ಎಷ್ಟಕ್ಕೆ ತೆರೆಯುತ್ತದೆ, ರಾತ್ರಿ ಎಷ್ಟಕ್ಕೆ ಮುಚ್ಚುತ್ತದೆ ಎಂದು ಗೋಡೆಯ ಮೇಲೆ ಬರೆಯಬೇಕು. ಬಾಗಿಲು ಜನ ಓಡಾಡುವ ಕಡೆಗೆ, ಬೆಳಕಿರುವ ಕಡೆಗೆ ಇರಲಿ. ಹಿಂದಿನ ಕತ್ತಲೆ ಸಂದಿಗೆ ತೆರೆಯುವ ಬಾಗಿಲಿಗೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಕೊಳವೆ ನೀರು ದಿನವೂ ಬರದಿದ್ದರೆ ಮೇಲೆ ಟ್ಯಾಂಕ್ ಬೇಕು. ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಬೇಕು. ಗಂಡಸರ ಮೂತ್ರಾಲಯ ಪುಕ್ಕಟೆ ಇದ್ದು ಹೆಂಗಸರಿಗೆ ಮಾತ್ರ ದುಡ್ಡು ಕೇಳುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಅದು ಅನ್ಯಾಯ. ಹೆಂಗಸರಿಗೂ ಪುಕ್ಕಟೆ ಎಂದು ಠರಾವಿನಲ್ಲೇ ಬರೆಸಿ.

ಕಾಯಿಪಲ್ಲೆಯವರನ್ನು ಎಬ್ಬಿಸುವ ಮಾತಿಗೆ ನಾನು ಒಪ್ಪುವುದಿಲ್ಲ. ಮೊದಲು ಕಾನೂನು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಎಲ್ಲಿ ಕೂರಬಹುದು, ಎಲ್ಲಿ ಬಾರದು ಎಂದು ಹೇಳಬೇಕಾದ್ದು ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಕಾನೂನಿನ ಆಚೆಗೂ ಒಂದು ಮಾತಿದೆ. ಹುಬ್ಬಳ್ಳಿಯ ಪೇಟೆ ದುರ್ಗದಬೈಲಿನಲ್ಲಿ ಸಂಜೆ ಹೆಣ್ಣುಮಕ್ಕಳು ಧೈರ್ಯವಾಗಿ ಅಡ್ಡಾಡುವುದು ಅಲ್ಲಿ ವ್ಯಾಪಾರ ಇದೆ, ದೀಪ ಇದೆ, ಜನ ಇದ್ದಾರೆ ಅಂತ. ನಿಮ್ಮ ಬಸ್ ಸ್ಟಾಪಿಗೂ ಅಂಥ ಕಣ್ಣುಗಳು ಬೇಕು.

ಫುಟ್‌ಪಾತನ್ನು ನಿಜವಾಗಿ ಯಾರು ತಿಂದಿದ್ದಾರೆ ಎಂದು ಅಳೆಯಿರಿ. ಬಹಳ ಕಡೆ ಅಂಗಡಿಯ ಮುಂದಕ್ಕೆ ಚಾಚಿದ ಕಟ್ಟೆ, ಗಾಡಿ ಹತ್ತಿಸಲು ಮಾಡಿದ ಇಳಿಜಾರು, ಸಾಲಾಗಿ ನಿಂತ ಬೈಕುಗಳು ಬುಟ್ಟಿಯವರಿಗಿಂತ ಜಾಸ್ತಿ ಜಾಗ ಹಿಡಿದಿರುತ್ತವೆ. ಬುಟ್ಟಿ ಸರಿಸಲು ಎರಡು ನಿಮಿಷ ಸಾಕು, ಕಟ್ಟೆ ಸರಿಯುವುದಿಲ್ಲ. ವ್ಯಾಪಾರಿಗಳಿಗೆ ರಸ್ತೆ ಅಂಚಿನ ಪಟ್ಟಿಯಲ್ಲಿ ಗೆರೆ ಎಳೆದು ಜಾಗ ಕೊಟ್ಟು, ಒಳಗಿನ 1.8 ಮೀಟರ್ ತೆರವಿಡುವ ಒಪ್ಪಂದ ಮಾಡಿಕೊಳ್ಳಬಹುದು. ಎಣಿಕೆಗೆ ಅವರನ್ನೂ ಕರೆಯಿರಿ. ಆ ರಸ್ತೆಯಲ್ಲಿ ಯಾವಾಗ ಯಾರು ದಾಟುತ್ತಾರೆ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ.

ಫುಟ್‌ಪಾತಿನ ಕೆಲಸವೂ ಅಂದಾಜಿನಲ್ಲಿ ಸೇರಿದ್ದರೆ ಅಡಿಪಾಯದ ಬಗ್ಗೆ ಕೇಳಿ. ಹುಬ್ಬಳ್ಳಿಯ ಬಹುಪಾಲು ನೆಲ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ತೆಳುವಾಗಿ ಮರಳು ಹರಡಿ ಪೇವರ್ ಜೋಡಿಸಿದರೆ ಎರಡು ಮಳೆಗಾಲಕ್ಕೆ ಏರುಪೇರಾಗುತ್ತದೆ. ಎರೆಯನ್ನು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ ಗಟ್ಟಿ ಮಾಡಬೇಕು. ಗಟಾರಿನ ಚಪ್ಪಡಿಯೇ ಫುಟ್‌ಪಾತ್ ಆಗಿರುವಲ್ಲಿ ಚಪ್ಪಡಿಗಳ ನಡುವೆ ಸಂದಿ ಇರಬಾರದು. ಚೆನ್ನಾಗಿ ಮಾಡಿದ್ದು ಹೇಗಿರುತ್ತದೆ ಎಂದು ನೋಡಬೇಕಾದರೆ ವಿದ್ಯಾನಗರದ ಶಿರೂರ ಪಾರ್ಕ್ ಕಡೆಯ ಟೆಂಡರ್‌ಶ್ಯೂರ್ ರಸ್ತೆಗೆ ಹೋಗಿ ಬನ್ನಿ. ಕೇಬಲ್, ಪೈಪುಗಳಿಗೆ ಮೊದಲೇ ಜಾಗ ಮಾಡಿ ಆಮೇಲೆ ಮೇಲ್ಮೈ ಹಾಕುವುದು ಅದರ ಕ್ರಮ. ನಮ್ಮಲ್ಲಿ ಹೊಸ ಫುಟ್‌ಪಾತ್ ಹಾಳಾಗುವುದು ನಡೆಯುವವರಿಂದಲ್ಲ, ಆಮೇಲೆ ಅಗೆಯುವವರಿಂದ.

ಮೇಲಿನ ಯಾವುದನ್ನೂ ದಾನವಾಗಿ ಕೇಳಬೇಕಿಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ಕೆಲಸಗಳ ಪಟ್ಟಿ ಇದೆ. ರಸ್ತೆ, ಬೀದಿದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ ಅದರಲ್ಲೇ ಬರುತ್ತವೆ. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಪಾದಚಾರಿಗಳು ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಅಂಗವಿಕಲರೂ ಬಳಸುವಂತಿರಬೇಕು, ಒತ್ತುವರಿ ತೆಗೆಯಬೇಕು ಎಂದಿತು. ಅದೇ ವರ್ಷ ಅಕ್ಟೋಬರ್ 7ರ ಆದೇಶದಲ್ಲಿ ಪಾದಚಾರಿಗಳ ವಿಷಯದಲ್ಲಿ ನಿಯಮ ಮಾಡಲು ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಮೋಟಾರು ವಾಹನ ಕಾಯ್ದೆಯ 198ಎ ಕಲಂ ಇನ್ನೊಂದು ಕಡೆಯಿಂದ ನೆರವಾಗುತ್ತದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಯಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಮನವಿಯಲ್ಲಿ ಇವನ್ನು ಒಂದೆರಡು ಸಾಲಿನಲ್ಲಿ ಹೇಳಿದರೆ ಸಾಕು. ಜಾಸ್ತಿ ಜಾಗ ನಿಮ್ಮ ಎಣಿಕೆಗೆ ಕೊಡಿ.

ಅಜ್ಜಿಯ ಅಪಘಾತ ಠಾಣೆಯಲ್ಲಿ ದಾಖಲಾಗಿದೆಯೇ ಎಂದು ನೋಡಿ. ಈಗ ಪೊಲೀಸರು ಅಪಘಾತದ ವಿವರವನ್ನು ಜಾಗದ ಸಮೇತ ಇ-ಡಾರ್ ಎಂಬ ರಾಷ್ಟ್ರೀಯ ದತ್ತಾಂಶಕ್ಕೆ ಹಾಕುತ್ತಾರೆ. ಕೇಸು ಇಲ್ಲದ ಅಪಘಾತ ಅಲ್ಲಿಗೆ ಬರುವುದಿಲ್ಲ. "ನಿಮ್ಮ ರಸ್ತೆ ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿಲ್ಲ" ಎಂಬ ಉತ್ತರ ಬಂದರೆ ಎದೆಗುಂದಬೇಡಿ. ಬ್ಲ್ಯಾಕ್ ಸ್ಪಾಟ್ ಅಂದರೆ ಪದೇ ಪದೇ ಅಪಘಾತ ಆಗುವ ಜಾಗ. ಆ ವ್ಯಾಖ್ಯೆ ಹೆದ್ದಾರಿಗಳಿಗೆ ಮಾಡಿದ್ದು. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ಶಾಲೆಯ ಮುಂದೆ ಅಷ್ಟು ಆಗುವವರೆಗೆ ಕಾಯಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಕಡತ ಎಲ್ಲಿದೆ ಎಂದು ಬಾಯಿಮಾತಿನಲ್ಲಿ ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಆದ್ದರಿಂದ "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ. ಠರಾವಿನ ದೃಢೀಕೃತ ಪ್ರತಿ, ಅಂದಾಜು ಪತ್ರಿಕೆಯ ಪ್ರತಿ, ಲೆಕ್ಕ ಶೀರ್ಷಿಕೆ, ಕಡತದ ಟಿಪ್ಪಣಿ ಹಾಳೆಗಳು ಇಷ್ಟನ್ನು ಕೇಳಿ. ಕೆಲಸ ಶುರುವಾದ ಮೇಲೆ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಬಹಳ ಜನ ಇದನ್ನು ಬಳಸುವುದೇ ಇಲ್ಲ.

ದಾಖಲೆಗಳನ್ನು ಈಗಲೇ ಪಡೆದಿಟ್ಟುಕೊಳ್ಳಲು ಇನ್ನೊಂದು ಕಾರಣ ಇದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಂದು ಸಂಸ್ಥೆ ಎರಡಾಗುವಾಗ ಕಡತಗಳು, ಸಿಬ್ಬಂದಿ, ಹಣದ ಲೆಕ್ಕ ಎಲ್ಲ ಹಂಚಿಕೆಯಾಗಬೇಕಾಗುತ್ತದೆ. ಆಗ ಕೈಯಲ್ಲಿ ಪ್ರತಿ ಇದ್ದವರ ಕೆಲಸ ಮುಂದೆ ಹೋಗುತ್ತದೆ.

ಹಣಕ್ಕೆ ಬಜೆಟ್ ಹೊತ್ತು ಮುಖ್ಯ. ಬಜೆಟ್ ಮಂಡನೆಗೆ ಮುಂಚೆ ನಾಗರಿಕರ ಸಲಹೆ ಕೇಳುವ ಸಭೆ ಕರೆದರೆ ಎಣಿಕೆಯ ಹಾಳೆಯೊಂದಿಗೆ ಹೋಗಿ. ವಾರ್ಡ್ ಸಮಿತಿಯಲ್ಲೂ ಇಡಿ. ಅದರ ಅಧ್ಯಕ್ಷರು ನಿಮ್ಮ ಸದಸ್ಯರೇ, ಅವರು ಈಗಾಗಲೇ ನಿಮ್ಮ ಪರ ಇದ್ದಾರೆ. ಪಟ್ಟಣ ಯೋಜನೆ ಮತ್ತು ಅಭಿವೃದ್ಧಿ ಸ್ಥಾಯಿ ಸಮಿತಿಯ ಸದಸ್ಯರಿಗೂ ಒಂದು ಪ್ರತಿ ಹೋಗಲಿ. ಸಂಚಾರ ಠಾಣೆಗೆ ಬೇರೆ ಮನವಿ, ಅದರಲ್ಲಿ ಪಾರ್ಕಿಂಗ್ ಮತ್ತು ವೇಗಮಿತಿ ಮಾತ್ರ ಕೇಳಿ. ಎತ್ತರಿಸಿದ ದಾಟಿಗೆ ವಲಯ ಕಚೇರಿಯವರು ಅಳತೆಗೆ ಬರುವ ದಿನ ಶಾಲೆಯ ಮುಖ್ಯೋಪಾಧ್ಯಾಯರು ಅಲ್ಲಿರುವಂತೆ ನೋಡಿಕೊಳ್ಳಿ. ಅಳತೆ ಹಾಳೆಯಲ್ಲಿ ದಾಟಿನ ಜಾಗವನ್ನು ಶಾಲೆಯ ಗೇಟಿನಿಂದ ಎಷ್ಟು ಮೀಟರ್ ಎಂದು ಬರೆಸಿ ಪ್ರತಿ ಇಸಿದುಕೊಳ್ಳಿ. "ಶಾಲೆ ಹತ್ತಿರ" ಎಂದಷ್ಟೇ ಬರೆದರೆ ಗುತ್ತಿಗೆದಾರ ತನಗೆ ಅನುಕೂಲವಾದ ಕಡೆ ಹಾಕುತ್ತಾನೆ. ಜೀಬ್ರಾ ಪಟ್ಟೆಗೆ ಬಳಸುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನು ಒಣ ರಸ್ತೆಯ ಮೇಲೆ ಬಿಸಿಯಾಗಿ ಹಾಕಬೇಕು. ಒದ್ದೆ ರಸ್ತೆಗೆ ಅದು ಕಚ್ಚುವುದಿಲ್ಲ. ಕಾರ್ಯಾದೇಶ ಮಳೆಗಾಲಕ್ಕೆ ಮುಂಚೆ ಹೊರಡುವಂತೆ ಈಗಿನಿಂದಲೇ ಬೆನ್ನು ಹತ್ತಿ.